ಪಂಜರದ ಹಾಸು ಮತ್ತು ಮಾವನ ಕೆನ್ನೆ

ಹಕ್ಕಿಯ ಹಿಕ್ಕೆ ಬೀಳುವ ಜಾಗಕ್ಕೆ ತನ್ನ ಕೆನ್ನೆಯೊತ್ತಿ "ಹೂಂ, ಮೆತ್ತಗೈತಿ" ಎಂದು ತೀರ್ಪು ಕೊಡುವ ಮನುಷ್ಯ ಇಡೀ ಸಿಂಧನೂರು ತಾಲ್ಲೂಕಿನಲ್ಲಿ ಒಬ್ಬನೇ ಇದ್ದಾನೆ. ಎದುರು ಪಕ್ಷದವರು ಇನ್ನೊಬ್ಬನನ್ನು ತೋರಿಸಿದರೆ ನನ್ನ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ. ತೋರಿಸಲಾರರು! ಆ ಒಬ್ಬ ನನ್ನ ಸೋದರಮಾವ.

ಮೊದಲ ಸಲ ಈ ದೃಶ್ಯ ಕಂಡಾಗ ನನ್ನ ಕೈಯಲ್ಲಿದ್ದ ಚಹಾ ಅರ್ಧ ನೆಲಕ್ಕೆ, ಅರ್ಧ ಚೂಡಿದಾರಕ್ಕೆ ಹೋಯಿತು. ನಮ್ಮ ಮಾವನೆಂದರೆ ಸಾಮಾನ್ಯನೇ? ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ, ಕೊಂಬಿನಂಥ ಮೀಸೆ, ಆತನ ದನಿಗೆ ಹೆದರಿ ರೈತರು ಚೌಕಾಸಿಯನ್ನೇ ಮಾಡುವುದಿಲ್ಲ. ಅಂಥವನು ನೆಲದ ಮೇಲೆ ಮಂಡಿಯೂರಿ, ಪಂಜರದ ಟ್ರೇ ಹೊರಗೆಳೆದು, ಅದರಲ್ಲಿ ಹೊಸದಾಗಿ ಹಾಸಿದ ಕಾಗದಕ್ಕೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದ್ದ!

"ಮಾವಾ! ಏನಾತು? ಚಕ್ಕರ್ ಬಂತೇನು?"

"ಸುಮ್ನಿರಬೇ. ಸುಕ್ಕು ಹುಡುಕಾಕತ್ತೀನಿ."

ಅಜ್ಜಿ ತೀರಿಕೊಂಡ ಮೇಲೆ ಖಾಲಿ ಬಿದ್ದಿದ್ದ ಕೋಣೆಯಲ್ಲಿ, ಕಿಟಕಿಯ ಪಕ್ಕ ಈ ಪಂಜರ ಬಂದು ಕೂತಿತು. ಹಟ್ಟಿಯ ಗಣಿಯಲ್ಲಿ ಕೆಲಸಕ್ಕಿದ್ದ ಮಾವನ ಗೆಳೆಯನೊಬ್ಬ ಕ್ವಾರ್ಟರ್ಸ್ ಖಾಲಿ ಮಾಡುವಾಗ ಕೊಟ್ಟುಹೋದ ಜೋಡಿ ಲವ್ ಬರ್ಡ್ಸ್. ನೀಲಿಯದು ದಿನವಿಡೀ ಕಿರುಚುತ್ತದೆ. ಹಸಿರಿನದಕ್ಕೆ ಒಂದು ಕಾಲು ಸೊಟ್ಟ. ಕೋಲಿನ ಮೇಲೆ ನಿಲ್ಲಲಾಗದೆ ತಳದ ಟ್ರೇಯಲ್ಲೇ ಕೂತಿರುತ್ತದೆ. ಕಾಲಿಗೆ ಚುಚ್ಚುತ್ತದೆಂದು ತಳದ ತಂತಿ ಜಾಲರಿಯನ್ನು ಮಾವ ಮೊದಲ ದಿನವೇ ಕಿತ್ತೆಸೆದ. ಈಗ ಅಲ್ಲಿ ಏನು ಹಾಸಬೇಕು? ಇದು ಒಂದು ಪ್ರಶ್ನೆಯೇ? ನಮ್ಮ ಮಾವನಿಗೆ ಇದೊಂದೇ ಪ್ರಶ್ನೆ!

ಮೊದಲು ಭತ್ತದ ಹೊಟ್ಟು ಬಂತು. ಅಕ್ಕಿ ಗಿರಣಿಗಳ ಊರಿನಲ್ಲಿ ಹೊಟ್ಟಿಗೆ ಬರವೇ? ಒಂದು ಚೀಲ ಇಳಿಸಿಕೊಂಡ ಮಾವ ಅದರೊಳಗೆ ಮುಖವನ್ನೇ ಹೂತ. ಹೊರಬಂದದ್ದು ಮುಖವಲ್ಲ, ಸೀನು! ಮೀಸೆಯಲ್ಲಿ ಹೊಟ್ಟು, ಹುಬ್ಬಿನಲ್ಲಿ ಹೊಟ್ಟು, ಅತ್ತೆ ಬೇಯಿಸುತ್ತಿದ್ದ ಬೇಳೆಯಲ್ಲೂ ಹೊಟ್ಟು.

"ನನಗ ಇಷ್ಟು ತ್ರಾಸ ಆದ್ರ, ಅದರ ಮೂಗು ಎಷ್ಟು ಸಣ್ಣದೈತಿ ನೋಡ್ರಿ" ಎಂದು ಹೊಟ್ಟನ್ನು ವಜಾ ಮಾಡಿದ.

ಎರಡನೆಯದು ಪಕ್ಕದ ಅಂಗಡಿಯವರು ಕೊಟ್ಟ ಸಲಹೆ: ಫ್ಲೆಕ್ಸ್. ನೀರು ಹಾಕಿ ಒರೆಸಿದರಾಯಿತು, ವರ್ಷಗಟ್ಟಲೆ ಬಾಳುತ್ತದೆ. ಊರಿನ ನಾಯಕರೊಬ್ಬರ ಹುಟ್ಟುಹಬ್ಬದ ಹಳೆಯ ಫ್ಲೆಕ್ಸ್ ಕತ್ತರಿಸಿ ಹಾಸಿದ್ದೂ ಆಯಿತು, ನೀಲಿ ಹಕ್ಕಿ ನಾಯಕರ ಹಣೆಯ ಮೇಲೆ ಶುಭಾಶಯ ಕೋರಿದ್ದೂ ಆಯಿತು. ಅದೇ ಹೊತ್ತಿಗೆ ಅವರ ಅಭಿಮಾನಿಯೊಬ್ಬ ಮನೆಗೆ ಬರಬೇಕೆ! ನಾವೆಲ್ಲ ಬೆಚ್ಚಿಬಿದ್ದೆವು. ಮಾವ ಮಾತ್ರ ಟ್ರೇ ಎಳೆದು ಅವನ ಕೈಗೇ ಕೊಟ್ಟ.

"ಒಯ್ಯಪಾ. ನಮಗ ಇದು ನಡಿಯಂಗಿಲ್ಲ."

"ಯಾಕ್ರೀ ಸಾವ್ಕಾರ್ರ, ನಮ್ಮ ಸಾಹೇಬ್ರು ಏನ್ ಮಾಡ್ಯಾರ?"

"ಏನೂ ಮಾಡಿಲ್ಲೋ ತಮ್ಮಾ. ಜಾರತಾರ!"

ಮೂರನೆಯದಕ್ಕೆ ಅತ್ತೆಯ ಹಳೆಯ ವಾಯಿಲ್ ಸೀರೆ ಬಲಿಯಾಯಿತು. ಒಗೆದು ಒಗೆದು ಬೆಣ್ಣೆಯಂತಾಗಿದ್ದ ಸೀರೆ. ಕೇಳದೆ ಕತ್ತರಿಸಿದ್ದು ಒಂದು ಅಪರಾಧ. ಸೊಟ್ಟ ಕಾಲಿನ ಉಗುರು ನೂಲಿಗೆ ಸಿಕ್ಕಿತೆಂದು ಮಧ್ಯಾಹ್ನಕ್ಕೇ ಅದನ್ನು ಕಿತ್ತು ಬಿಸಾಡಿದ್ದು ಅದಕ್ಕಿಂತ ಘೋರ ಅಪರಾಧ. ಅತ್ತೆ ಅತ್ತದ್ದು ಹರಿದ ಸೀರೆಗಲ್ಲ.

"ನನ್ನ ಸೀರಿ ಫೇಲ್ ಅಂತ! ಪಕ್ಷಿ ಹೇಲಾಕ ಸೈತ ಲಾಯಕ್ ಇಲ್ಲಂತ!"

ಕೊನೆಗೆ ಗೆದ್ದದ್ದು ದಿನಪತ್ರಿಕೆ. ಆದರೆ ಯಾವ ಪುಟ? ಬಣ್ಣದ ಪುರವಣಿ ಬೇಡ, ನುಣುಪು. ಪಿನ್ ಹೊಡೆದದ್ದು ಬೇಡ, ಚುಚ್ಚುತ್ತದೆ. ಶ್ರದ್ಧಾಂಜಲಿ ಪುಟ ಬೇಡವೇ ಬೇಡ, ಸತ್ತವರ ಮುಖದ ಮೇಲೆ ಹಿಕ್ಕೆ ಹಾಕಿಸುವುದುಂಟೆ? ಅಂತೂ ಉಳಿಯುತ್ತಿದ್ದದ್ದು ಟೆಂಡರ್ ಪ್ರಕಟಣೆಗಳು. ಅವನ್ನು ಅಂಗೈಯಿಂದ ತೀಡಿ, ಮಡಿಕೆ ಬಿಡಿಸಿ, ಕೆನ್ನೆಯೊತ್ತಿ ಪಾಸು ಮಾಡುವ ತನಕ ಅಂಗಡಿಯ ಬಾಗಿಲು ತೆಗೆಯುತ್ತಿರಲಿಲ್ಲ. ಹೊರಗೆ ಕ್ಲಚ್ ಪ್ಲೇಟಿಗೆ ಬಂದ ರೈತರು ಕಟ್ಟೆಯ ಮೇಲೆ ಕೂತು ಬೀಡಿ ಮುಗಿಸುತ್ತಿದ್ದರು.

ಹೋದ ಭಾನುವಾರ ಬೆಳಿಗ್ಗೆ ಅತ್ತೆಯ ಫೋನು ಬಂತು.

"ಇಲ್ಲಾ ಆ ಪಕ್ಷಿ ಇರಬೇಕು, ಇಲ್ಲಾ ನಾ ಇರಬೇಕು. ನಾ ತುರ್ವಿಹಾಳ ಬಸ್ ಹತ್ತಿ ತವರಿಗೆ ಹೋಗಾಕಿ. ಮಸ್ಕಿಯೋರು ಒಬ್ರು ಪಂಜರ ಒಯ್ಯತೀನಿ ಅಂದಾರ, ಸಂಜೀಕ ಬರತಾರ. ನಿನ್ನ ಕೂಡ ವಾದದಾಗ ಸೋತ್ರ ಕೊಡತೀನಿ ಅಂತ ನಿಮ್ಮ ಮಾವ ಮಾತು ಕೊಟ್ಟಾನ. ನೀ ಬಾರವಾ ತಂಗಿ!"

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವಳು. ದೆವ್ವ, ದೃಷ್ಟಿ, ವಾಸ್ತು ಯಾವುದನ್ನೂ ಪುರಾವೆಯಿಲ್ಲದೆ ಒಪ್ಪಿದವಳಲ್ಲ. ಲಿಂಗಸುಗೂರಿನಲ್ಲಿ ಬಸ್ಸು ಹತ್ತಿ, ಮಸ್ಕಿ ದಾಟುವುದರೊಳಗೆ ವಾದವನ್ನು ಹರಿತ ಮಾಡಿಕೊಂಡೆ. ಪಾಪ ಮಾವ, ಅನ್ನಿಸಿತು.

ಮಾವ ಅಜ್ಜಿಯ ಕೋಣೆಯಲ್ಲೇ ಇದ್ದ. ಟ್ರೇ ತೊಳೆದು ಒರೆಸುತ್ತಿದ್ದ. ಅತ್ತೆ ನಿರ್ಣಾಯಕಿಯಂತೆ ಬಾಗಿಲಲ್ಲಿ ನಿಂತಳು.

"ಬಾರಬೇ ವಕೀಲವ್ವಾ. ಶುರು ಹಚ್ಚು."

"ಮಾವಾ, ಹಾಸೋದು ಯಾಕ? ಹೊಲಸು ಬೀಳಾಕ. ಹೊಲಸು ಬೀಳೋ ಜಾಗಕ್ಕ ಇಷ್ಟು ಶೃಂಗಾರ ಯಾಕ?"

"ಅದು ಅಲ್ಲೇ ಕುಂದರತೈತಿ, ಅಲ್ಲೇ ಮಲಗತೈತಿ. ಅದಕ್ಕ."

"ಕಾಡಿನ್ಯಾಗಿನ ಪಕ್ಷಿಗೆ ಯಾರು ಹಾಸತಾರ?"

"ಕಾಡಿನ್ಯಾಗ ಅದಕ್ಕ ಹಾರಾಕ ಜಾಗ ಐತಿ. ಇಲ್ಲಿ ನಾನ ಕೂಡಿ ಹಾಕೀನಿ."

ಪರವಾಗಿಲ್ಲ, ಎದುರಾಳಿ ಗಟ್ಟಿಗ! ನಾನು ಕೊನೆಯ ಬಾಣ ತೆಗೆದೆ. ಯಾವ ಸಭೆಯಲ್ಲೂ ಗುರಿ ತಪ್ಪದ ಬಾಣ: ಪುರಾವೆ.

"ಸುಕ್ಕು ಚುಚ್ಚತೈತಿ ಅಂತ ನಿನಗ ಹೆಂಗ ಗೊತ್ತು ಮಾವಾ? ಒಂದ ದಿನರ ಆ ಪಕ್ಷಿ ಬಂದು ಕಂಪ್ಲೇಂಟ್ ಕೊಟ್ಟೈತೇನು?"

ಅತ್ತೆ ಬಾಗಿಲಲ್ಲಿ ಕಿಸಕ್ಕನೆ ನಕ್ಕಳು. ಗೆದ್ದೆ ಎಂದುಕೊಂಡೆ.

ಮಾವ ಒರೆಸುವುದನ್ನು ನಿಲ್ಲಿಸಿದ.

"ಕೊಟ್ಟಿಲ್ಲ. ಅವ್ವನೂ ಕೊಟ್ಟಿದ್ದಿಲ್ಲ."

ಲಕ್ವ ಹೊಡೆದ ಮೇಲೆ ಅಜ್ಜಿಗೆ ಮಾತು ಹೋಗಿತ್ತು, ಕೊನೆಯ ವರ್ಷಗಳನ್ನು ಈ ಕೋಣೆಯ ಮಂಚದ ಮೇಲೆಯೇ ಕಳೆದಳು. ಅಷ್ಟು ನನಗೂ ಗೊತ್ತಿತ್ತು. ಆಕೆಯ ಹಾಸಿಗೆಯನ್ನು ಯಾರು ಬದಲಿಸುತ್ತಿದ್ದರು ಎಂದು ಮಾತ್ರ ನಾನು ಯಾವತ್ತೂ ಕೇಳಿರಲಿಲ್ಲ.

"ದಿನಾ ಮುಂಜಾನೆ ನಾನ ಹಾಸತಿದ್ದೆ. ಒಂದ ಸಲ ಗಡಿಬಿಡಿಯಾಗ ಕೆಳಗ ಒಂದು ಮಡಿಕಿ ಉಳದಿತ್ತು. ಆಕಿ ಹೇಳಲಿಲ್ಲ. ಹೆಂಗ ಹೇಳಬೇಕು? ಬರೇ ನನ್ನ ಮಾರಿ ನೋಡತಿದ್ಲು. ಚಹಾ ಬೇಕಂತಾಳ ಅಂತ ನಾ ಚಹಾ ಕುಡಿಸಿದೆ. ಹೊಳ್ಳಿಸಿ ನೋಡಿದ್ರ ಬೆನ್ನಾಗ ಹುಣ್ಣಾಗಿತ್ತು." ಮಾವ ಟ್ರೇಯ ಅಂಚನ್ನು ಬೆರಳಿನಿಂದ ಸವರಿದ. "ಅವತ್ತಿಂದ ಕೆನ್ನಿ ಹಚ್ಚಿ ನೋಡತೀನಿ. ನಟ್ಟು ಬೋಲ್ಟು ತಿರುವಿ ತಿರುವಿ ಕೈಯಾಗ ದಡ್ಡು ಬಿದ್ದಾವ, ಸುಕ್ಕು ತಿಳಿಯಂಗಿಲ್ಲ."

ನನ್ನ ಬಳಿ ಮರುವಾದಕ್ಕೆ ಇನ್ನೂ ಸಮಯವಿತ್ತು. ಮಾವನ ಪಕ್ಕ ನೆಲಕ್ಕೆ ಕೂತು, ಒರೆಸುವ ಬಟ್ಟೆ ತೆಗೆದುಕೊಂಡು ಟ್ರೇಯ ಉಳಿದ ಮೂಲೆ ಒರೆಸಿದೆ.

ಹೊರಗೆ ಅತ್ತೆಯ ಫೋನು ರಿಂಗಣಿಸಿತು. ಮಸ್ಕಿಯವರು.

"ಬರಬ್ಯಾಡ್ರೀ" ಎಂದಳು ಅತ್ತೆ. "ಇಲ್ರೀ, ಪಂಜರ ಕೊಡಂಗಿಲ್ಲ. ಯಾಕಂದ್ರ... ಕೊಡಂಗಿಲ್ಲ, ಅಷ್ಟ."

ಆಮೇಲೆ ಒಳಬಂದು, ಮಾವನ ಮುಖ ನೋಡದೆ, ಅಂದಿನ ಪತ್ರಿಕೆಯನ್ನು ನನ್ನ ಕೈಗೆ ತುರುಕಿದಳು.

"ಪುರವಣಿ ತಗದೀನಿ. ಜಾರತೈತಿ ಅದು."

ನಾನು ಹಾಳೆ ಬಿಚ್ಚಿ ಟ್ರೇಗೆ ಹಾಸಿದೆ, ಅಂಗೈಯಿಂದ ತೀಡಿದೆ. ಹಸಿರು ಹಕ್ಕಿ ಪಂಜರದ ಮೂಲೆಯಿಂದ ನಮ್ಮನ್ನೇ ನೋಡುತ್ತಿತ್ತು. ನಾನು ಮಂಡಿಯೂರಿ, ಬಗ್ಗಿ, ಕೆನ್ನೆಯಿಟ್ಟು ಕಣ್ಣು ಮುಚ್ಚಿದೆ. ಶಾಯಿಯ ವಾಸನೆ ಬಂತು.

"ಮಾವಾ, ಈ ಮೂಲ್ಯಾಗ ಒಂದು ಸುಕ್ಕು ಐತಿ ನೋಡು."