ಸಿದ್ದರಾಜುವಿನ ಹಾರ್ನೂ ನನ್ನ ಡೌಟೂ

ಪೋಂ... ಪೊಪ್ಪೊಪ್ಪೋಂ! ಬೆಳಗ್ಗೆ ಹಾಲು ಉಕ್ಕುವ ಹೊತ್ತಿಗೆ ಆ ಹಾರ್ನ್ ಈಗಲೂ ನನ್ನ ಕಿವಿಯಲ್ಲಿ ಮೊಳಗುತ್ತದೆ. ಆಗೆಲ್ಲ ಅದು ಕೇಳಿಸಿದ ಕೂಡಲೇ ಸ್ಟೌವ್ ಆರಿಸಿ, ಸೆರಗು ಸರಿಮಾಡಿಕೊಂಡು ಗೇಟಿನ ಕಡೆ ಓಡುತ್ತಿದ್ದೆ. ಓಟವೆಂದರೆ ನನ್ನ ಮಂಡಿಗಳ ಮಟ್ಟಿಗೆ ಓಟ. ಜಗಳಕ್ಕೆ ಹೋಗುವಾಗ ಮಾತ್ರ ಆ ಮಂಡಿಗಳು ನೋಯುತ್ತಿರಲಿಲ್ಲ. ಡಾಕ್ಟರಿಗೆ ಇದನ್ನು ನಾನು ಹೇಳಿಲ್ಲ.

ಅನುಮಾನ ನನ್ನ ಹುಟ್ಟುಗುಣವಲ್ಲ, ಕಲಿತ ವಿದ್ಯೆ. ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಜ್ವರ ಎಂದು ಹೋದರೆ ಥರ್ಮಾಮೀಟರ್ ಇಟ್ಟು, ಪಾದರಸ ಏರಿದ್ದನ್ನು ಕಣ್ಣಾರೆ ಕಂಡ ಮೇಲೂ, "ಐ ಹ್ಯಾವ್ ಮೈ ಡೌಟ್ಸ್, ಚೈಲ್ಡ್" ಎನ್ನುತ್ತಿದ್ದರು. ಅವರು ಕಲಿಸಿದ ಟೇಬಲ್ ಮ್ಯಾನರ್ಸ್ ಎಲ್ಲ ನಾನು ನಂಜನಗೂಡಿಗೆ ಸೊಸೆಯಾಗಿ ಬಂದ ವಾರದಲ್ಲೇ ಸಾರನ್ನದಲ್ಲಿ ಕಲಸಿಹೋಯಿತು. ಆ ಒಂದು ವಾಕ್ಯ ಮಾತ್ರ ಉಳಿಯಿತು. ತರಕಾರಿಯವನ ತಕ್ಕಡಿ, ನೆಂಟರ ಹೊಗಳಿಕೆ, ಫೋನಿನಲ್ಲಿ "ಕಂಗ್ರಾಜುಲೇಷನ್ಸ್ ಮೇಡಂ" ಎನ್ನುವ ಹುಡುಗಿಯ ಸಿಹಿ ಕಂಠ, ಎಲ್ಲಕ್ಕೂ ನನ್ನದು ಅದೇ ಉತ್ತರ. "ಮದುವೆಯ ದಿನ ನನ್ನ ಮೇಲೂ ನಿನಗೆ ಡೌಟಿತ್ತಲ್ಲೇ" ಎಂದು ನಮ್ಮ ಯಜಮಾನರು ನಗುತ್ತಿದ್ದರು. ಇತ್ತು. ಆಮೇಲೆ ಹೋಯಿತು. ಈಗ ಅವರೂ ಹೋಗಿ ಬಹಳ ವರ್ಷವಾಯಿತು.

ಹೀಗಿರುವಾಗ ಒಂದು ದಿನ ಸಿದ್ದರಾಜು ಬಂದ. ಹದಿನಾರು ಎಂಬ ಊರಿನವನು, ನಮ್ಮ ಹಿಂದಿನ ಬೀದಿಯಲ್ಲಿ ಹೆಂಡತಿಯೊಂದಿಗೆ ಬಾಡಿಗೆಗಿದ್ದ. ತಾಂಡ್ಯದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಯಾರದೋ ಲಾರಿ ಓಡಿಸಿಕೊಂಡಿದ್ದವನು ಈಗ ಸೆಕೆಂಡ್ ಹ್ಯಾಂಡಿನಲ್ಲಿ ತನ್ನದೇ ಒಂದು ಕೊಂಡಿದ್ದ. ನಮ್ಮ ಮನೆಯ ಪಕ್ಕದ ಖಾಲಿ ಸೈಟಿನ ಮೇಲೆ ಅವನ ಕಣ್ಣು.

"ಅಮ್ಮಾರೇ, ಇಷ್ಟು ದಿನ ಕಂಡೋರ ಗಾಡಿ ಓಡ್ಸಿದ್ದಾಯ್ತು. ಇನ್ಮೇಲೆ ನಾನೇ ಓನರ್ ಕಮ್ ಡ್ರೈವರ್. ನಮ್ ಬೀದಿಗೆ ಗಾಡಿ ನುಗ್ಗಕಿಲ್ಲ. ಬಂಕ್ ತಾವ ನಿಲ್ಸುದ್ರೆ ಒಬ್ಬ ಬ್ಯಾಟ್ರಿ ಬಿಚ್ಕೊಂಡೋಯ್ತಾನೆ, ಇನ್ನೊಬ್ಬ ಡೀಸೆಲ್ ಈರ್ಕೊಂಡೋಯ್ತಾನೆ. ನಿಮ್ ಸೈಟ್ನಾಗೆ ಒಸಿ ಜಾಗ ಕೊಡಿ."

"ಕ್ಲೀನರ್ ಯಾರು?" ಎಂದೆ.

"ಅದೂ ನಾನೇಯ."

"ಮ್ಯಾನೇಜರ್?"

"ನಾನೇಯ. ಬೈಸ್ಕೊಳ್ಳೋನೂ ನಾನೇಯ. ಆದ್ರೆ ಬೈಯೋಕೆ ಈಗ ಓನರೇ ಇಲ್ವಲ್ಲ ಅಮ್ಮಾರೇ!"

ಹಾರ್ನ್ ಹೊಡೆಯಬಾರದು ಎಂಬ ಕಂಡೀಷನ್ ಹಾಕಿ ಜಾಗ ಕೊಟ್ಟೆ. ಮಾರನೆಯ ದಿನವೇ ಲಾರಿಗೆ ಪೂಜೆ. ಹಾರ, ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು. ತೆಂಗಿನಕಾಯಿ ಕೊಟ್ಟು ಕಳಿಸಿದ ನಾನು ಕಿಟಕಿಯ ಕರ್ಟನ್ ಹಿಂದೆ ನಿಂತು ನೋಡಿದೆ. ಶುಭಕಾರ್ಯಕ್ಕೆ ಹೊರಟವರ ಎದುರಿಗೆ ವಿಧವೆ ಬರಬಾರದಂತೆ. ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ, ರಬ್ಬಿಶ್. ಆದರೆ ಅಷ್ಟೊಂದು ಜನ ನಂಬುವಾಗ ಕಾಲು ತಾನಾಗಿ ಹಿಂದೆ ಸರಿಯುತ್ತದೆ.

ಮೊದಲ ದಿನಗಳಲ್ಲಿ ಅವನಿಗೆ ಕಷ್ಟವಾಯಿತು. ತಾಂಡ್ಯದಿಂದ ತಿರುಮಕೂಡಲು ನರಸೀಪುರಕ್ಕೂ ಮೂಗೂರಿಗೂ ಬೂಸಾ ಮೂಟೆ ಹೊತ್ತು ಹೋಗುತ್ತಿದ್ದ. ಬರುವಾಗ ಏನೂ ಸಿಗುತ್ತಿರಲಿಲ್ಲ. ಖಾಲಿ ಲಾರಿ ಓಡಿಸುವುದೆಂದರೆ ತನ್ನ ಡೀಸೆಲ್ ತಾನೇ ಸುಟ್ಟಂತೆ. ರಿಟರ್ನ್ ಲೋಡ್ ಸಿಗದೇ ಹೋದರೆ ಗಾಡಿ ಮಾರಿ ಮತ್ತೆ ಹಳೇ ಓನರ್ ಬಾಗಿಲಿಗೇ ಹೋಗಬೇಕು. ಆ ಮನುಷ್ಯನೋ, "ಬಂದೇ ಬತ್ತಾನೆ ಬುಡಿ" ಎಂದು ಟೀ ಅಂಗಡಿಯಲ್ಲಿ ಸಾರಿಕೊಂಡು ತಿರುಗುತ್ತಿದ್ದನಂತೆ. ಇದೆಲ್ಲ ನಮ್ಮ ಮನೆಗೆಲಸದ ರತ್ನಮ್ಮ ತಂದ ಸುದ್ದಿ.

ಅಷ್ಟರಲ್ಲಿ ಒಂದು ಬೆಳಗ್ಗೆ ರಿವರ್ಸ್ ತೆಗೆಯುವಾಗ ನನ್ನ ದಾಸವಾಳದ ಗಿಡವನ್ನು ಮುರಿದುಹಾಕಿದ. ನಾನು ಎರಡು ಭಾಷೆಯಲ್ಲಿ ಬೈದೆ. ಅದಾದ ಎರಡನೇ ದಿನದಿಂದ ಶುರುವಾಯಿತು, ಸರಿಯಾಗಿ ನನ್ನ ಗೇಟಿನ ಮುಂದೆ, ಪೋಂ... ಪೊಪ್ಪೊಪ್ಪೋಂ!

"ಇದೇನು ಮನೆಯೋ ಬಸ್ ಸ್ಟ್ಯಾಂಡೋ? ಹ್ಯಾವ್ ಯೂ ನೋ ಮ್ಯಾನರ್ಸ್?" ಎಂದು ಕೂಗಿಕೊಂಡು ಹೋದರೆ, ಸ್ಟೇರಿಂಗ್ ಮೇಲೇ ಕೈಮುಗಿದು, "ತಪ್ಪಾಯ್ತು ಅಮ್ಮಾರೇ" ಎಂದು ಹೊರಟೇಬಿಡುತ್ತಿದ್ದ. ಮಾರನೆಯ ಬೆಳಗ್ಗೆ ಮತ್ತೆ ಅದೇ. ಬೈಸಿಕೊಂಡವನ ಮುಖದಲ್ಲಿ ಪ್ರಸಾದ ತೆಗೆದುಕೊಂಡವನ ಕಳೆ. ಇದು ಸಹಜವೇ? ಐ ಹ್ಯಾಡ್ ಮೈ ಡೌಟ್ಸ್.

ರತ್ನಮ್ಮ ಬೆಂಕಿಗೆ ತುಪ್ಪ ಸುರಿದಳು. "ಅಮ್ಮಾ, ಗಾಡಿ ಅಡೀಲಿ ನೀರು ತೊಟ್ಟಿಕ್ತಾ ಅದೆ. ಒಳೆ ಮರಳು ಒಡೀತಾವ್ನೆ ಕಣಿ. ಆ ಆರ್ನು ಯಾರ್ಗೋ ಸನ್ನೆ." ಕನ್ನಡಕ ಏರಿಸಿ ಒಂದು ಸಂಜೆ ಟಾರ್ಪಾಲ್ ಎತ್ತಿ ನೋಡಿದೆ. ಮರಳಿನ ಒಂದು ಕಣವೂ ಇಲ್ಲ. ಸಂದಿಯಲ್ಲಿ ಒಂದಿಷ್ಟು ಒದ್ದೆ ಬೂಸಾ. ದಿನಾ ವಾಪಸ್ಸು ಬರುವಾಗ ಲಾರಿಯನ್ನು ಹೊಳೆಗಿಳಿಸಿ ಮೈ ತೊಳೆಯುತ್ತಿದ್ದನಂತೆ. ಮದುಮಗಳಿಗೂ ಅಷ್ಟು ಸ್ನಾನವಾಗುವುದಿಲ್ಲ.

ಮರಳಿನ ಅನುಮಾನ ಹೋದ ಜಾಗಕ್ಕೆ ಇನ್ನೊಂದು ಬಂದು ಕುಳಿತಿತು. ಇದನ್ನು ರತ್ನಮ್ಮನಿಗೂ ಹೇಳಲಿಲ್ಲ. ಹಾರ್ನ್ ಎಂದರೆ ದಾರಿ ಬಿಡಿ ಎಂದು ತಾನೆ? ಗಿಡ ಮುರಿದ ದಿನ ನಾನು ಎದುರಿಗೆ ಬಂದಿದ್ದೆ. ಅದಾದ ಮೇಲೆಯೇ ಹಾರ್ನ್. ಅಂದರೆ, 'ಮುದುಕಿ, ಗಾಡಿ ಹೊರಡುತ್ತಿದೆ, ಒಳಗೇ ಇರು' ಎಂದು ಎಚ್ಚರಿಕೆ! ನನ್ನ ಜಾಗದಲ್ಲಿ ಗಾಡಿ ನಿಲ್ಲಿಸಿ ನನಗೇ ಶಕುನ ಹೇಳುತ್ತಾನೆ! ಅಂದಿನಿಂದ ಹಟ ತೊಟ್ಟು ಹೊರಗೆ ಬರತೊಡಗಿದೆ. ಗೇಟಿನಲ್ಲಲ್ಲ, ರಸ್ತೆಯ ನಟ್ಟನಡುವೆ, ಲಾರಿಯ ಮೂತಿಗೆ ಮುಖ ಕೊಟ್ಟು ನಿಂತು ಬೈದೆ.

ಜಾಗ ಖಾಲಿ ಮಾಡಿಸುವುದೆಂದು ತೀರ್ಮಾನವಾಯಿತು. ಆದರೆ ಕಾನ್ವೆಂಟಿನವಳು, ಎವಿಡೆನ್ಸ್ ಬೇಕಲ್ಲ. "ನರಸೀಪುರದ ಸಂಗಮ ನೋಡಬೇಕು, ನಿನ್ನ ಲಾರಿಯಲ್ಲೇ ಬರುತ್ತೇನೆ" ಎಂದೆ. ಪ್ಲಾಸ್ಟಿಕ್ ಸ್ಟೂಲ್ ಹಾಕಿ, ಮೇಲಿಂದ ಸಿದ್ದರಾಜು ಎಳೆದು, ಕೆಳಗಿಂದ ರತ್ನಮ್ಮ ನೂಕಿ, ಅಂತೂ ನನ್ನನ್ನು ಲೋಡ್ ಮಾಡಿದರು. ಅಷ್ಟು ಎತ್ತರದಿಂದ ಲೋಕ ಬಹಳ ಚೆನ್ನಾಗಿ ಕಾಣುತ್ತದೆ. ಬಸ್ಸಿನವರೆಲ್ಲ ನನಗೆ ದಾರಿ ಬಿಟ್ಟರು. ಖುಷಿಯಾದದ್ದನ್ನು ನಾನು ತೋರಿಸಿಕೊಳ್ಳಲಿಲ್ಲ.

ಬೂಸಾ ಇಳಿಸಿ, ಒಂದು ಅಕ್ಕಿ ಗಿರಣಿಯ ಅಂಗಳಕ್ಕೆ ಹೋದೆವು. ಲೆಕ್ಕ ಬರೆಯುತ್ತಿದ್ದ ರೈಟರು ತಲೆಯೆತ್ತಿದವರೇ, "ಏನ್ಲಾ ಸಿದ್ರಾಜು, ಇವ್ರೇನಾ ನಿನ್ನ ಬೈಯೋ ಅಮ್ಮಾರು?" ಎಂದು ಎದ್ದು ನಿಂತರು. ಹಮಾಲಿಗಳು ಮೂಟೆ ಇಳಿಸಿ ನೋಡಲು ಬಂದರು. "ನಮ್ಗೂವೆ ಒಸಿ ಬಯ್ರಮ್ಮಾ, ಒಳ್ಳೇದಾಗ್ಲಿ" ಎಂದ ಒಬ್ಬ.

"ವಾಟ್ ಈಸ್ ದಿಸ್, ಸಿದ್ದರಾಜು?" ಎಂದೆ.

ಅವನು ಕತ್ತು ಕೆರೆದುಕೊಂಡ. "ಸುರೂನಲ್ಲಿ ದಿನಾ ಖಾಲೀನೇ ಬತ್ತಿದ್ದೆ ಅಮ್ಮಾರೇ. ಗಿಡ ಮುರ್ದಾಗ ನೀವು ಬಂದು ಉಗುದ್ರಲ್ಲ, ಅವತ್ತೇ ಮೊದ್ಲು ಇಲ್ಲಿ ಅಕ್ಕಿ ಲೋಡ್ ಸಿಕ್ಕಿದ್ದು. ಮಾರ್ನೇ ದಿನ ನೀವು ಈಚೆ ಬರ್ನಿಲ್ಲ, ಖಾಲಿ. ಅದ್ಕೇ ಆರ್ನು ಒಡೀತಿದ್ದೆ. ನಿಮ್ ಮಕ ನೋಡ್ಕಂಡು, ಎರಡ್ ಮಾತು ಬೈಸ್ಕಂಡೋದ್ರೆ ಗಾಡಿ ತುಂಬ್ತದೆ."

ಮೆಲ್ಲಗೆ ಹೇಳಿದೆ: "ನಾನು ವಿಧವೆ ಕಣೋ."

"ಅದು ಲಾರಿಗೇನ್ ಗೊತ್ತಾದದು? ನಮ್ಮವ್ವನೂ ಅಂಗೇ ಅಲ್ವಾ? ಅವ್ಳ ಕೈಲೇ ತಾನೇ ಚಕ್ರಕ್ಕೆ ನಿಂಬೆಹಣ್ಣು ಮಡಗ್ಸಿದ್ದು."

ಕರ್ಟನ್ ಹಿಂದಿನಿಂದ ನಾನು ಹಾರ ನೋಡಿದ್ದೆ, ನಿಂಬೆಹಣ್ಣು ನೋಡಿದ್ದೆ. ಇಟ್ಟ ಕೈ ಯಾರದೆಂದು ನೋಡಿರಲಿಲ್ಲ. ಸಂಗಮ ನೋಡುವುದು ಆ ದಿನ ಮರೆತೇಹೋಯಿತು.

ಅಲ್ಲಿಂದ ನನ್ನ ನಿಜವಾದ ಕಷ್ಟ ಶುರು. ಬೈಗುಳ ಬೇಕಾಗಿದೆ ಎಂದು ಗೊತ್ತಾದ ಮೇಲೆ ಅದು ಬಾಯಿಗೇ ಬರುವುದಿಲ್ಲ. ಹಿಂದಿನ ದಿನವೇ ತಯಾರಿ ಮಾಡಿಕೊಂಡರೂ, ಆ ಮುಖ ಕಂಡ ಕೂಡಲೇ "ಕಾಫಿ ಕುಡಿದೆಯೇನೋ?" ಎಂದುಬಿಡುತ್ತಿದ್ದೆ. "ಬಯ್ರಮ್ಮಾ, ಒತ್ತಾಯ್ತದೆ" ಎಂದು ಅವನು ಅವಸರ ಮಾಡುತ್ತಿದ್ದ. ಲಾರಿ ಖಾಲಿ ಬಂದ ಸಂಜೆ ಅನುಮಾನವೆಲ್ಲ ನನ್ನ ಮೇಲೇ ತಿರುಗುತ್ತಿತ್ತು: ಇವತ್ತು ಬೈದದ್ದರಲ್ಲಿ ದಮ್ಮಿರಲಿಲ್ಲವೇನೋ?

ಆದರೂ ಅವನು ತನ್ನ ಕಾಲ ಮೇಲೆ ನಿಂತುಕೊಂಡ. ಗಿರಣಿಯವರು ದಿನದ ಲೋಡನ್ನು ಅವನಿಗೇ ಗೊತ್ತು ಮಾಡಿ, ತಮ್ಮ ಅಂಗಳದಲ್ಲೇ ಗಾಡಿ ನಿಲ್ಲಿಸಲು ಜಾಗವನ್ನೂ ಕೊಟ್ಟರು. ಗಂಡ ಹೆಂಡತಿ ನರಸೀಪುರಕ್ಕೇ ಮನೆ ಬದಲಾಯಿಸುವುದೆಂದಾಯಿತು. ಹಳೇ ಓನರ್ ಟೀ ಅಂಗಡಿ ಬದಲಾಯಿಸಿದನಂತೆ.

ಅವರು ಹೊರಡುವ ಬೆಳಗ್ಗೆ ನಾನು ಬೇಗನೆ ಎದ್ದು ಒಳ್ಳೆಯ ಸೀರೆ ಉಟ್ಟು ಕುಳಿತೆ. ಹಾಲು ಉಕ್ಕಿತು. ಹಾರ್ನ್ ಇಲ್ಲ. ಎಂಜಿನ್ ಸದ್ದು ಕೇಳಿಸಿತು. ಆಗಲೂ ಹಾರ್ನ್ ಇಲ್ಲ. ಮೈಯೆಲ್ಲ ಉರಿದುಹೋಯಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

"ಯಾಕೋ ಹಾರ್ನ್ ಹೊಡೆಯಲಿಲ್ಲ? ಕಳ್ಳನ ಹಾಗೆ ಹೇಳದೇ ಹೋಗೋಣ ಅಂತಲೋ? ಅನ್‌ಗ್ರೇಟ್‌ಫುಲ್ ಫೆಲೋ! ಇಷ್ಟು ದಿನ ನನ್ನ ನಿದ್ದೆ ಕೆಡಿಸಿದವನಿಗೆ ಇವತ್ತು ಮಾತ್ರ ಮ್ಯಾನರ್ಸ್ ಬಂತೋ?"

ಸಿದ್ದರಾಜು ಪಾತ್ರೆ, ಹಾಸಿಗೆ, ಹೆಂಡತಿ ಸಮೇತ ಲಾರಿಯಲ್ಲಿ ಕುಳಿತು, ಪೂರಾ ಬೈಸಿಕೊಂಡ. ಆಮೇಲೆ ಸ್ಟೇರಿಂಗ್ ಮೇಲೆ ಕೈಮುಗಿದು, "ಇದು ವರ್ಸಕ್ಕೆಲ್ಲ ಸಾಕು ಅಮ್ಮಾರೇ" ಎಂದು ಗೇರ್ ಹಾಕಿದ. ಬೇಕೆಂದೇ ಹಾರ್ನ್ ಹೊಡೆಯಲಿಲ್ಲವೇ ಅವನು? ಐ ಹ್ಯಾವ್ ಮೈ ಡೌಟ್ಸ್. ಅವನನ್ನು ನಾನು ಕೊನೆಯ ಸಲ ನೋಡಿದ್ದು ಆಗಲೇ. ತಿರುವಿನಲ್ಲಿ ಕಿಟಕಿಯಿಂದ ಒಂದು ಕೈ ಹೊರಗೆ ಬೀಸುತ್ತಿತ್ತು, ಹಾಸಿಗೆ ಸುರುಳಿಯ ಪಕ್ಕದಲ್ಲಿ ಡಬ್ಬಿಗೆ ನೆಟ್ಟ ನನ್ನ ದಾಸವಾಳದ ಮುರಿದ ಕೊಂಬೆಯೊಂದು ಎರಡು ಎಲೆ ಬಿಟ್ಟುಕೊಂಡು ಅಲುಗಾಡುತ್ತಿತ್ತು, ಮತ್ತು ನಾನು ರಸ್ತೆಯ ನಟ್ಟನಡುವೆ ಬರಿಗಾಲಲ್ಲಿ ನಿಂತು ಅದನ್ನು ಯಾರನ್ನು ಕೇಳಿ ತೆಗೆದುಕೊಂಡೆಯೋ ಎಂದು ಇನ್ನೂ ಬೈಯುತ್ತಲೇ ಇದ್ದೆ.