ಅರವತ್ತು ಫೂಟಿನ ಲೆಕ್ಕ

ಬನಹಟ್ಟಿಯ ವಿಜ್ಞಾನದ ಮಾಸ್ತರ ಅನಂತರಾಯರಿಗೆ ಮೂವತ್ತಾರು ತುಂಬಿತ್ತು. ಮದುವೆಯ ಮಾತು ಅವರ ಹೊಸ್ತಿಲ ತನಕ ಬಂದು, ಸೀನು ಕೇಳಿಸಿದವರಂತೆ ಹಿಂದಿರುಗುತ್ತಿತ್ತು. ಕೊನೆಗೆ ಜಮಖಂಡಿಯ ವಕೀಲರೊಬ್ಬರು, "ಮಧ್ಯಾಹ್ನದೊಳಗ ಬಂದು ಹುಡುಗಿ ನೋಡ್ರಿ" ಎಂದು ಹೇಳಿ ಕಳಿಸಿದ್ದರು.

ಗಡಿಬಿಡಿಯಲ್ಲಿ ರಸ್ತೆಗೆ ಬಂದರೆ, ಜಮಖಂಡಿಯ ಬಸ್ಸು ಇವರತ್ತ ಬರುತ್ತ ಆಗಲೇ ಎರಡು ಮನೆ ಆಚೆಯ ಹಾಲವ್ವನ ಬಾಗಿಲು ಮುಟ್ಟಿತ್ತು. ಮಾಸ್ತರರು ಕೊಡೆ ಎತ್ತಿ ಕುಣಿದರು. ಡ್ರೈವರ್ ಗಿರಮಲ್ಲಪ್ಪ ಬ್ರೇಕು ತುಳಿದು ಬಸ್ಸನ್ನು ಬದಿಗೆ ಎಳೆದ. ಅದು ಮಾಸ್ತರರನ್ನು ದಾಟಿ, ರಸ್ತೆಯಂಚಿಗೆ ನೇಕಾರ ಇಂದ್ರವ್ವ ಸೀರೆಗೆಂದು ಹಾಸಿ ಕಟ್ಟಿದ್ದ ನೂಲಿನೊಳಗೆ ನುಗ್ಗಿ ನಿಂತಿತು. ನೂರಾರು ಎಳೆ ಹರಿದವು.

ಇಂದ್ರವ್ವ ಗಾಲಿಯ ಮುಂದೆ ಕುಳಿತೇಬಿಟ್ಟಳು. "ತಪ್ಪು ಯಾರದಂತ ತಿಳಿಯೂತನಕ ಗಾಡಿ ಬಿಡಂಗಿಲ್ಲ!"

"ನಾ ಕೂಡ್ಲೇ ಬ್ರೇಕ್ ಹಾಕೀನಿ ಬೇ!" ಗಿರಮಲ್ಲಪ್ಪ ಅಳುಮೋರೆ ಮಾಡಿದ. "ಮಾಸ್ತರ, ನೀವಽ ಹೇಳ್ರಿ. ನನ್ನ ನೌಕರಿ ಹೋಗತೈತಿ."

ಹೊತ್ತು ಏರುತ್ತಿತ್ತು. ಬಸ್ಸು ಬಿಟ್ಟರೆ ಸಾಕೆಂದು ಮಾಸ್ತರರು ಕಿಸೆಯಿಂದ ಸೀಮೆಸುಣ್ಣದ ಖಡು ತೆಗೆದು ಬಸ್ಸಿನ ಬೆನ್ನಿನ ಮೇಲೇ ಲೆಕ್ಕ ಹೂಡಿದರು.

"ತಾಸಿಗೆ ಇಪ್ಪತ್ತು ಮೈಲು ಅಂದ್ರ ಸೆಕೆಂಡಿಗೆ ಸುಮಾರು ಮೂವತ್ತು ಫೂಟು. ಕಣ್ಣು ಕಂಡದ್ದು ಕಾಲಿಗೆ ತಿಳಿಯೂದ್ರಾಗ ಒಂದು ಸೆಕೆಂಡು, ಅಲ್ಲಿಗೆ ಮೂವತ್ತು ಹೋತು. ಬ್ರೇಕು ಹಿಡಿದ ಮ್ಯಾಲೂ ಗಾಡಿ ಗಕ್ಕನೆ ನಿಲ್ಲಂಗಿಲ್ಲ. ವೇಗ ಇಳಕೋತ ಇಳಕೋತ ಮತ್ತ ಮೂವತ್ತು. ಒಟ್ಟು ಅರವತ್ತು!"

ನೆರೆಮನೆಯ ಭೀಮಪ್ಪ ಹಾಲವ್ವನ ಬಾಗಿಲಿನಿಂದ ಬಸ್ಸಿನ ತನಕ ಹಗ್ಗ ಹಿಡಿದು ಅಳೆದ. "ಬರೋಬ್ಬರಿ ಅರವತ್ತು!"

"ನೋಡಿದ್ರ್ಯಾ? ಡ್ರೈವರನ ತಪ್ಪು ಎಳ್ಳಷ್ಟೂ ಇಲ್ಲ!" ಗೆದ್ದ ಹುರುಪಿನಲ್ಲಿ ಮಾಸ್ತರರು ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟರು. ಇಂದ್ರವ್ವ ಅವರ ಧೋತರದ ಚುಂಗು ಹಿಡಿದಳು.

"ತಡೀರಿ. ಹಾಲವ್ವನ ಬಾಗಿಲದಿಂದ ನೀವು ನಿಂತಲ್ಲಿಗೆ ಎಷ್ಟ್ರಿ?"

"ನಲವತ್ತು," ಎಂದ ಭೀಮಪ್ಪ.

"ಅರವತ್ತು ಬೇಕನ್ನೋ ಗಾಡಿಗೆ ನಲವತ್ತರಾಗ ಕೊಡಿ ಎತ್ತಿದವರು ಯಾರು? ಡ್ರೈವರಂದಲ್ಲಂದ್ರಿ. ನೂಲಿಗಂತೂ ಕಾಲಿಲ್ಲ. ಕುಂಡ್ರಿ, ಎಳಿ ಕಟ್ರಿ!"

ಊರೆಲ್ಲ ಹೌದೆಂದಿತು. ತಮ್ಮ ಲೆಕ್ಕ ತಪ್ಪೆನ್ನಲಾಗದೆ ಮಾಸ್ತರರು ನೂಲಿನ ಮುಂದೆ ಕುಳಿತರು. ಹೊರಟ ಬಸ್ಸಿನ ಹಿಂದೆ ಕೂಗಿದರು: "ಗಿರಮಲ್ಲಪ್ಪಾ, ವಕೀಲರ ಮನಿಗೆ ಹೋಗಿ ಏನರ ಒಂದು ನೆವ ಹೇಳಪಾ!"

ಸಂಜೆಗೆ ಬೆರಳೆಲ್ಲ ಗಂಜಿ, ಕಣ್ಣೆಲ್ಲ ನೂಲು. ಎಳೆಗಳು ಇನ್ನೂ ಮುಗಿದಿರಲಿಲ್ಲ. ಗಿರಮಲ್ಲಪ್ಪ ಬಸ್ಸಿಳಿದು ಓಡಿಬಂದ.

"ನಿಮ್ಮಂಥ ದೇವರ ಬಗ್ಗೆ ಸುಳ್ಳು ನೆವ ಹ್ಯಾಂಗ ಹೇಳ್ಲಿ ಮಾಸ್ತರ? ಇದ್ದದ್ದು ಇದ್ದಂಗ ಹೇಳಿ ಬಂದೇನಿ. ತಮ್ಮ ತಪ್ಪು ತಾವಽ ಲೆಕ್ಕ ಹಾಕಿ ಸಿದ್ಧ ಮಾಡಿ ತೋರಿಸಿದ್ರು ಅಂತ!"

"ವಕೀಲರು... ಏನಂದ್ರೋ?"

"ಭಾಳ ಖುಷಿ ಆದ್ರರಿ. 'ಛಲೋ ಆತು, ಲಗ್ನಕ್ಕ ಮೊದಲಽ ಗೊತ್ತಾತು' ಅಂದ್ರು."