ಯುಫೋನಿಯಮ್ಮಿಗೊಂದು ಜಾಗ

ಮನೆಗೆ ಹೊಸ ಸಾಮಾನು ತರುವ ಮೊದಲು ಅದನ್ನು ಎಲ್ಲಿ ಇಡುವುದು ಎಂದು ಯೋಚಿಸುವವರದು ಒಂದು ಜಾತಿ. ತಂದು ನಡುಮನೆಯಲ್ಲಿ ನಿಲ್ಲಿಸಿಕೊಂಡು ಆಮೇಲೆ ತಲೆ ಕೆರೆದುಕೊಳ್ಳುವವರದು ಇನ್ನೊಂದು. ನಾನು ಎರಡನೆಯ ಜಾತಿಯವನು. ಪುಣೆಯ ಬಿಬವೇವಾಡಿಯ ನಮ್ಮ ಫ್ಲ್ಯಾಟಿಗೆ ನಾನು ಹೀಗೆ ತಂದವುಗಳಲ್ಲಿ ವ್ಯಾಯಾಮದ ಸೈಕಲ್ಲು ಟವೆಲ್ ಒಣಗಿಸಲಿಕ್ಕೂ ಮೀನಿನ ತೊಟ್ಟಿ ಈರುಳ್ಳಿ ಇಡಲಿಕ್ಕೂ ಬಳಕೆಯಾಗುತ್ತಿವೆ. ಹಾಗಾಗಿ ಕಳೆದ ಬೇಸಿಗೆಯಲ್ಲಿ ನಾನು ದೌಂಡದಿಂದ ಒಂದು ಯುಫೋನಿಯಂ ಹೊತ್ತುಕೊಂಡು, ಸ್ವಾರಗೇಟಿನಲ್ಲಿ ಬಸ್ಸಿಳಿದು, ರಿಕ್ಷಾ ಹಿಡಿದು ಮನೆಯ ಬಾಗಿಲಲ್ಲಿ ಬಂದು ನಿಂತಾಗ ನನ್ನ ಹೆಂಡತಿ ಸುಮಿ ಅದು ಏನೆಂದು ಕೇಳಲಿಲ್ಲ. ಅದರಲ್ಲಿ ಏನೇನು ಹಿಡಿಸುತ್ತದೆ ಎಂದು ಕೇಳಿದಳು.

ಯುಫೋನಿಯಂ ಎಂದರೆ ತಿಳಿಯದವರು ನಾಚಿಕೊಳ್ಳಬೇಕಾಗಿಲ್ಲ. ನಮ್ಮ ಅವ್ವನಿಗೆ ಈಗಲೂ ಆ ಹೆಸರಿಗೆ ನಾಲಿಗೆ ಹೊರಳುವುದಿಲ್ಲ. ಬ್ಯಾಂಡಿನವರು ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಊದುವ, ಸುತ್ತಿ ಸುತ್ತಿ ಮೇಲೆ ಹೋಗಿ ಅಗಲವಾಗಿ ಬಾಯಿ ತೆರೆದ ಹಿತ್ತಾಳೆಯ ವಾದ್ಯ ಅದು. ತುತ್ತೂರಿಯ ದೊಡ್ಡಪ್ಪ ಎನ್ನಿ. ಅವ್ವ ಅದನ್ನು ನೋಡಿದ ದಿನವೇ ‘ಹಂಡೆ’ ಎಂದು ನಾಮಕರಣ ಮಾಡಿದಳು, ಆ ಹೆಸರೇ ನಿಂತಿತು. ಅದು ಸುಮಿಯ ಸೋದರಮಾವ ವಸಂತ ಮಾಮಾ ಅವರದು. ದೌಂಡದಲ್ಲಿ ರೈಲ್ವೆ ನೌಕರಿ ಮಾಡುತ್ತಲೇ ಕಾಲೊನಿಯ ಬ್ಯಾಂಡಿನಲ್ಲಿ ವರ್ಷಗಟ್ಟಲೆ ನುಡಿಸಿದವರು ಅವರು. ಈಗ ಉಸಿರು ಸಾಲುವುದಿಲ್ಲವೆಂದು ಅದನ್ನು ಗೋಡೆಗೆ ತೂಗುಹಾಕಿದ್ದರು. ಇತ್ತ ನಮ್ಮ ಸೊಸೈಟಿಯ ಜೋಶಿ ಕಾಕಾ ಬ್ಯಾಂಕಿನಿಂದ ನಿವೃತ್ತರಾದವರು, ಮನೆಯಲ್ಲಿ ಕೂತು ಬೇಜಾರಾಗಿ ನಾಲ್ಕೈದು ಹವ್ಯಾಸಿಗಳನ್ನು ಕಲೆಹಾಕಿ ಒಂದು ಬ್ಯಾಂಡು ಕಟ್ಟಿದ್ದರು. ಐವತ್ತು ದಾಟಿದ ಗಂಡಸಿಗೆ ಯಾವಾಗ ಯಾವ ಹುಚ್ಚು ಹಿಡಿಯುತ್ತದೆಂದು ಹೇಳಲಾಗುವುದಿಲ್ಲ. ನನಗೆ ಇದು ಹಿಡಿಯಿತು.

ಮಾಮಾ ಕೊಡುವುದಕ್ಕೆ ಒಪ್ಪಿದರು, ಆದರೆ ಹೆಣ್ಣು ಕೊಡುವವರ ಹಾಗೆ ಕೊಟ್ಟರು. ಬಿಸಿಲಿಗೆ ಇಡಬಾರದು, ಒದ್ದೆಯಲ್ಲಿ ಇಡಬಾರದು, ನುಡಿಸಿದ ಮೇಲೆ ಒಳಗಿನ ನೀರು ಇಳಿಸಬೇಕು, ಒತ್ತುವ ಗುಂಡಿಗಳಿಗೆ ಎಣ್ಣೆ ಬಿಡಬೇಕು, ಮೈಮೇಲಿನ ಮೆರುಗು ಕಿತ್ತುಹೋಗುವ ಹಾಗೆ ಉಜ್ಜಬಾರದು. ಜೊತೆಗೆ ತಾವೇ ಕೈಯಾರೆ ಬರೆದ ಸ್ವರಲಿಪಿಯ ಹಾಳೆಗಳನ್ನೂ ಕೊಟ್ಟರು. ಕಾಲೊನಿಯ ಬ್ಯಾಂಡಿಗಾಗಿ ಅವರೇ ಕಟ್ಟಿದ ಒಂದು ಮಾರ್ಚ್, ಎಂದರೆ ಹೆಜ್ಜೆಗೆ ತಕ್ಕ ತಾಳದ ಧಾಟಿ, ಅದರಲ್ಲಿತ್ತು. ಅದರ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಹಾಳೆ ಮಡಚಬಾರದು, ಹುಳ ಹತ್ತಬಾರದು ಎಂದು ಹೇಳಿ, ಕೊನೆಗೆ ಒಂದು ಮಾತು ಸೇರಿಸಿದರು.

“ನವರಾತ್ರಿಗೆ ಬರ್ತೀನಿ. ಹೆಂಗ ಇಟ್ಟೀರಿ ನೋಡ್ತೀನಿ, ಹೆಂಗ ನುಡಸ್ತೀರಿ ಕೇಳ್ತೀನಿ. ಮನಸ್ಸಿಗೆ ಬರಲಿಲ್ಲ ಅಂದ್ರ ವಾಪಸ್ ಒಯ್ತೀನಿ. ಆಮ್ಯಾಲೆ ಬ್ಯಾಸರಾ ಮಾಡ್ಕೋಬ್ಯಾಡ್ರಿ.”

ಅಳಿಯನಿಗೆ ಕೊಟ್ಟ ಸಾಮಾನನ್ನು ವಾಪಸ್ಸು ಒಯ್ಯುತ್ತೇನೆ ಎನ್ನುವ ಮಾವನನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

ಮೊದಲನೆಯ ತೊಂದರೆ ಜಾಗದ್ದು. ದಿವಾನದ ಹೊಟ್ಟೆಯಲ್ಲಿ ಇಡೋಣವೆಂದರೆ ಅಲ್ಲಿ ಕೌದಿ, ಗಾದಿ, ಸುಮಿಯ ತವರಿನಿಂದ ಬಂದ ಹಪ್ಪಳದ ಡಬ್ಬಿಗಳು. ಬಚ್ಚಲಿನ ಮೇಲಿನ ಅಟ್ಟ ಒದ್ದೆ. ಬಾಲ್ಕನಿಯಲ್ಲಿ ಬಿಸಿಲು ಮತ್ತು ಪಾರಿವಾಳ. ಅಷ್ಟು ಚೆಂದದ ಬಾಯಿ ತೆರೆದ ಪಾತ್ರೆಯನ್ನು ನೋಡಿದ ಪುಣೆಯ ಪಾರಿವಾಳ ಗೂಡು ಕಟ್ಟದೆ ಹೋಗುತ್ತದೆಂದು ನನಗೆ ನಂಬಿಕೆಯಿರಲಿಲ್ಲ. ಕಡೆಗೆ ಮಲಗುವ ಕೋಣೆಯಲ್ಲಿ ಕಪಾಟಿಗೂ ಗೋಡೆಗೂ ನಡುವೆ ಪೆಟ್ಟಿಗೆಯ ಸಮೇತ ನಿಲ್ಲಿಸಿದೆ. ಒಂದು ವಾರದೊಳಗೆ ಆ ಪೆಟ್ಟಿಗೆಯ ಮೇಲೆ ಇಸ್ತ್ರಿಯ ಬಟ್ಟೆಗಳು ಬಂದವು. ಆಮೇಲೆ ಅವ್ವನ ಸಂಡಿಗೆಯ ತಟ್ಟೆ ಬಂತು, ಫ್ಯಾನಿನ ಗಾಳಿ ಅಲ್ಲಿ ಚೆನ್ನಾಗಿ ಬರುತ್ತದಂತೆ. ಹಾಳೆಗಳ ಕಥೆಯೂ ಅಷ್ಟೇ. ಹುಳ ಹತ್ತಬಾರದೆಂದು ಸುಮಿ ಡಾಂಬರು ಗುಳಿಗೆ ಇಟ್ಟಳು, ಅವ್ವ ಬೇವಿನ ಎಲೆ ಇಟ್ಟಳು. ಹುಳ ಬರಲಿಲ್ಲ ನಿಜ, ಆದರೆ ಆ ಹಾಳೆ ಬಿಡಿಸಿದರೆ ನನಗೆ ಸೀನಿನ ಮೇಲೆ ಸೀನು. ಊದುವ ವಾದ್ಯದವನಿಗೆ ಸೀನಿಗಿಂತ ದೊಡ್ಡ ಶತ್ರು ಇಲ್ಲ. ಒಮ್ಮೆ ತಾಲೀಮಿನಲ್ಲಿ ನಾನು ಸೀನಿದ್ದನ್ನೇ ಜೋಶಿ ಕಾಕಾ ಸರಿಯಾದ ಜಾಗದಲ್ಲಿ ಬಂದ ಸ್ವರವೆಂದು ತಿಳಿದು ಶಹಬ್ಬಾಸ್ ಎಂದಿದ್ದರು.

ಇವೆಲ್ಲ ಸಣ್ಣ ಗಂಡಾಂತರಗಳು. ದೊಡ್ಡದು ನವರಾತ್ರಿಯ ಹಿಂದಿನ ವಾರ ಬಂತು, ಅವ್ವ ಹಿತ್ತಾಳೆ ತಿಕ್ಕಲು ಕೂತ ದಿನ. ನಮ್ಮ ಮನೆಯ ದೀಪದ ಸಮೆ, ಕೊಡ, ತಂಬಿಗೆ, ಗಿಂಡಿ, ಗಂಟೆ ಎಲ್ಲವೂ ಅಂದು ಅಡುಗೆಮನೆಯ ನೆಲದ ಮೇಲೆ ಸಾಲಾಗಿ ಕೂರುತ್ತವೆ. ನೆನೆಸಿದ ಹುಣಸೆಹಣ್ಣು ಒಂದು ಬೋಗುಣಿಯಲ್ಲಿ, ಉಪ್ಪು ಇನ್ನೊಂದರಲ್ಲಿ. ಅವ್ವನ ಕೈಗೆ ಸಿಕ್ಕ ಹಿತ್ತಾಳೆ ಅರ್ಧ ಗಂಟೆಯಲ್ಲಿ ಬಂಗಾರವಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆ ದಿನ ತಂಬಿಗೆ ತಿಕ್ಕುತ್ತಲೇ ಅವಳು ಮಲಗುವ ಕೋಣೆಯ ಕಡೆ ನೋಡಿ, ಮನೆಯಲ್ಲಿರುವ ಎಲ್ಲಕ್ಕಿಂತ ದೊಡ್ಡ ಹಿತ್ತಾಳೆ ಸಾಮಾನೇ ಕರ್ರಗೆ ಕೂತಿದೆಯಲ್ಲ, ಊಟ ಮುಗಿಸಿ ಅದನ್ನೂ ತಿಕ್ಕಿಬಿಡುತ್ತೇನೆ ಎಂದಳು. ನಾನು ಅಡ್ಡ ಬಂದೆ. ಅದರ ಮೈಗೆ ಮೆರುಗಿನ ಲೇಪವಿದೆ, ಹುಳಿ ತಾಗಿದರೆ ಕಲೆ ಕಲೆಯಾಗಿ ಕಿತ್ತುಬರುತ್ತದೆ, ಗುಂಡಿಯ ಸಂದಿಯಲ್ಲಿ ಹುಣಸೆಯ ನಾರು ಹೋದರೆ ಗುಂಡಿ ಮೇಲೇಳುವುದಿಲ್ಲ ಎಂದೆಲ್ಲ ವಿವರಿಸಿದೆ. ಮದುವೆಯಾಗಿ ಬಂದ ದಿನದಿಂದ ಹುಣಸೆಹಣ್ಣಿನಲ್ಲೇ ತಿಕ್ಕುತ್ತಿದ್ದೇನೆ, ನನ್ನ ಒಂದು ತಂಬಿಗೆಗಾದರೂ ಕಲೆ ಬಿದ್ದದ್ದು ತೋರಿಸು ಎಂದಳು ಅವ್ವ. ತೋರಿಸಲಿಕ್ಕೆ ಒಂದೂ ಇರಲಿಲ್ಲ.

ಆಗ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ನನಗೆ ಉಪಾಯ ಹೊಳೆದಾಗಲೆಲ್ಲ ಸುಮಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ, ಅಂದೂ ಸರಿದಳು. ನಮ್ಮ ಮನೆಯಲ್ಲಿ ಸಪ್ತಮಿಯ ದಿನ ಸರಸ್ವತಿಯನ್ನು ಕೂಡಿಸುತ್ತಾರೆ. ಮಣೆಯ ಮೇಲೆ ಪುಸ್ತಕಗಳನ್ನು ಒಟ್ಟಿ ಪೂಜೆ ಮಾಡಿದರೆ ಮುಗಿಯಿತು, ದಶಮಿಯ ದಿನ ದೇವಿಯನ್ನು ಎಬ್ಬಿಸುವ ತನಕ ಯಾರೂ ಅವುಗಳನ್ನು ಮುಟ್ಟುವಂತಿಲ್ಲ. ಸಾಲೆಯಲ್ಲಿದ್ದಾಗ ನಾನು ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಮೊದಲು ಭಕ್ತಿಯಿಂದ ಒಯ್ದು ಇಡುತ್ತಿದ್ದೆ. ಈ ಹಂಡೆಯೂ ವಿದ್ಯೆಯೇ ಅಲ್ಲವೇ, ದೇವಿಯ ಕೈಯಲ್ಲಿ ವೀಣೆ ಇಲ್ಲವೇ, ಹಾಗಾಗಿ ಇದನ್ನೂ ಹಾಳೆಗಳನ್ನೂ ಪೂಜೆಗೆ ಇಡೋಣ ಎಂದೆ. ಪೂಜೆಗೆ ಇಡುವ ಸಾಮಾನನ್ನು ನಾನೇ ಮೆತ್ತನೆಯ ಬಟ್ಟೆಯಿಂದ ಒರೆಸಿ ಕೊಡುತ್ತೇನೆ, ನೀನು ಕೈ ನೋಯಿಸಿಕೊಳ್ಳಬೇಡ ಎಂದೂ ಸೇರಿಸಿದೆ. ಅವ್ವ ಒಂದೇ ಆಕ್ಷೇಪ ತೆಗೆದಳು: ಬಾಯಿಯಿಂದ ಊದುವುದು, ಎಂಜಲಾಗಲಿಲ್ಲವೇ? ಶಂಖವನ್ನೂ ಬಾಯಿಯಿಂದಲೇ ಊದುತ್ತಾರೆ ಎಂದೆ. ಅವ್ವ ವಿಚಾರ ಮಾಡಿ, ಹಾಗಿದ್ದರೆ ಶಂಖಕ್ಕೆ ಇಲ್ಲದ ಮೈಲಿಗೆ ಇದಕ್ಕೂ ಬೇಡ ಎಂದು ತೀರ್ಪು ಕೊಟ್ಟಳು. ಬಾಯಿಗೆ ಹಚ್ಚುವ ತುದಿಯನ್ನು ಮಾತ್ರ ನಾನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡೆ, ಅದನ್ನು ಪ್ರತ್ಯೇಕ ಇಡಬೇಕೆಂದು ಮಾಮಾ ಹೇಳಿದ್ದರು.

ಸಪ್ತಮಿಯಂದು ನಡುಮನೆಯಲ್ಲಿ, ಬಾಲ್ಕನಿಯ ಬಾಗಿಲ ಪಕ್ಕದಲ್ಲಿ ಸರಸ್ವತಿ ಕೂತಳು. ಹಾಳೆಗಳನ್ನು ಅವ್ವ ಹೊಸ ಖಣದಲ್ಲಿ ಸುತ್ತಿ, ಗಂಟು ಹಾಕಿ, ಪುಸ್ತಕಗಳ ತಳದಲ್ಲಿ ಇಟ್ಟಳು. ಯುಫೋನಿಯಂ ಮಣೆಯ ಮೇಲೆ, ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ಬಾಯಿ ತುಂಬ ಚೆಂಡು ಹೂವು ತುಂಬಿಸಿಕೊಂಡು, ಮದುಮಗನ ಹಾಗೆ ಕೂತಿತು. ಹುಣಸೆಹಣ್ಣಿನಿಂದ ಅದನ್ನು ಉಳಿಸಿದ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ಎರಡು ಲೋಟ ಚಹಾ ಕುಡಿದೆ. ಎರಡನೆಯ ಲೋಟ ಮುಗಿಯುವಾಗ ಜೋಶಿ ಕಾಕಾ ಫೋನು ಮಾಡಿದರು. ಮಾಮಾರ ಮಾರ್ಚ್ ನುಡಿಸುವ ನಮ್ಮ ಬ್ಯಾಂಡಿನ ಕಾರ್ಯಕ್ರಮ ನವಮಿಯ ಸಂಜೆ, ಸೊಸೈಟಿಯ ಪಾರ್ಕಿಂಗಿನಲ್ಲಿ, ವೇಳೆಗೆ ಸರಿಯಾಗಿ ವಾದ್ಯ ತೆಗೆದುಕೊಂಡು ಬಾ ಎಂದರು. ಕಾರ್ಯಕ್ರಮ ನವಮಿಯಂದು ಎಂಬುದು ನನಗೆ ಗೊತ್ತಿತ್ತು. ಸರಸ್ವತಿ ಏಳುವುದು ದಶಮಿಯಂದು ಎಂಬುದೂ ಗೊತ್ತಿತ್ತು. ಎರಡೂ ಒಂದೇ ತಲೆಯಲ್ಲಿದ್ದರೂ ಅಲ್ಲಿಯತನಕ ಅವುಗಳಿಗೆ ಪರಸ್ಪರ ಪರಿಚಯವಿರಲಿಲ್ಲ.

ಅವ್ವನ ಮುಂದೆ ಹೋಗಿ ನಿಂತೆ. ಒಂದು ತಾಸಿನ ಮಟ್ಟಿಗೆ ಕೆಳಗೆ ಒಯ್ದು ತಂದಿಡುತ್ತೇನೆ ಎಂದು ಎಷ್ಟು ಮೆತ್ತಗೆ ಹೇಳಲು ಸಾಧ್ಯವೋ ಅಷ್ಟು ಮೆತ್ತಗೆ ಹೇಳಿದೆ. ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ಕೂಡಸು ಅಂದಾವನೂ ನೀನ, ಎಬ್ಬಸು ಅನ್ನಾವನೂ ನೀನ. ಆಕಿ ಏನ್ ಸ್ವಾರಗೇಟಿನ ಬಸ್ಸಿನಾಗ ಕೂತಾಳೇನು ರಾಘು, ನೀ ಹೇಳಿದಲ್ಲೆ ಇಳೀಲಿಕ್ಕೆ?”

ಭಟ್ಟರಿಗೆ ಫೋನು ಮಾಡಿದೆ. ಅವರು ಎಲ್ಲವನ್ನೂ ಕೇಳಿಕೊಂಡು, ಶಾಸ್ತ್ರದಲ್ಲಿ ಏನಾದರೂ ದಾರಿ ಇದ್ದೀತು, ಆದರೆ ನಿಮ್ಮ ತಾಯಿಯವರು ಏನನ್ನುತ್ತಾರೆ ಎಂದು ಕೇಳಿದರು. ಹೇಳಿದೆ. ಹಾಗಾದರೆ ಅದೇ ಶಾಸ್ತ್ರ ಎಂದು ಫೋನಿಟ್ಟರು. ಸುಮಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೊರಗೆ ಓಡಾಡುತ್ತಿದ್ದಳು. ನನಗೆ ನಗು ಬರಲಿಲ್ಲ. ಆರು ತಿಂಗಳು ತುಟಿ ಬಾತುಕೊಳ್ಳುವ ಹಾಗೆ ಊದಿ, ಆ ಮಾರ್ಚಿನಲ್ಲಿ ನನ್ನ ಪಾಲಿಗೆ ಬಂದ ಭಾಗವನ್ನು ಒಂದು ಹದಕ್ಕೆ ತಂದಿದ್ದೆ. ಅದನ್ನು ನುಡಿಸುವಾಗ ನನಗೆ ಎಷ್ಟು ಸುಖವಾಗುತ್ತಿತ್ತೆಂದರೆ, ಆಫೀಸಿನಲ್ಲಿ ಫೈಲು ನೋಡುವಾಗಲೂ ಬೆರಳು ಮೇಜಿನ ಮೇಲೆ ಗುಂಡಿ ಒತ್ತುತ್ತಿದ್ದವು. ಈಗ ಮಾಮಾ ಬರುತ್ತಾರೆ, ನಾನು ನುಡಿಸುವುದಿಲ್ಲ, ಅವರು ವಾದ್ಯವನ್ನು ಒಯ್ಯುತ್ತಾರೆ. ದೌಂಡದ ಗೋಡೆಯ ಮೊಳೆ ಅದಕ್ಕಾಗಿ ಕಾಯುತ್ತಿದೆ ಎಂದು ಕಣ್ಣಿಗೆ ಕಟ್ಟಿದಂತಾಯಿತು.

ನವಮಿಯ ಮಧ್ಯಾಹ್ನ ಮಾಮಾ ಬಂದರು. ಕೈಕಾಲು ತೊಳೆದು ನಡುಮನೆಗೆ ಬಂದವರು ಮಣೆಯ ಮುಂದೆ ನಿಂತುಬಿಟ್ಟರು. ನಾನು ಹಿಂದೆ ನಿಂತು, ಹುಣಸೆಹಣ್ಣಿನಿಂದ ಆರಂಭಿಸಿ ಭಟ್ಟರ ಫೋನಿನ ತನಕ ಎಲ್ಲವನ್ನೂ ಒದರಿದೆ. ಅವರಿಗೆ ಕೇಳಿಸಿತೋ ಇಲ್ಲವೋ. ಬಗ್ಗಿ ವಾದ್ಯದ ಮೈಯನ್ನು ಎಲ್ಲ ಕಡೆಯಿಂದ ನೋಡಿದರು, ಹಾಳೆಯ ಗಂಟನ್ನು ನೋಡಿದರು, ಎರಡೂ ಕೈ ಮುಗಿದರು. ನಂತರ ಅವ್ವನ ಕಡೆ ತಿರುಗಿ, ದೇವಿ ಏಳಬಾರದು, ಒಪ್ಪಿದೆ, ಆದರೆ ಆಕೆಯ ಮುಂದೆ ಕೂತು ಸೇವೆ ಮಾಡಿದರೆ ನಡೆಯುತ್ತದೋ ಎಂದು ಕೇಳಿದರು. ಅವ್ವ ಬೆರಳು ಮಡಚುತ್ತ ಕರಾರು ಹಾಕಿದಳು. ವಾದ್ಯ ಮಣೆ ಬಿಟ್ಟು ಇಳಿಯಬಾರದು, ಹೂವು ತೆಗೆಯಬಾರದು, ಗಂಟು ಬಿಚ್ಚಬಾರದು, ಊದುವವನು ಸ್ನಾನ ಮಾಡಿ ಮಡಿ ಉಟ್ಟಿರಬೇಕು. ಇಷ್ಟಾದರೆ ಸೇವೆಗೆ ಬೇಡ ಎನ್ನಲು ತಾನು ಯಾರು ಎಂದಳು.

ಹೀಗಾಗಿ ಆ ಸಂಜೆ ಜೋಶಿ ಕಾಕಾರ ಬ್ಯಾಂಡು ಕೆಳಗೆ ಪಾರ್ಕಿಂಗಿನಲ್ಲಿ, ಯುಫೋನಿಯಂ ಎರಡನೆಯ ಮಹಡಿಯಲ್ಲಿ. ಬಾಲ್ಕನಿಯ ಬಾಗಿಲು ಪೂರ್ತಿ ತೆರೆದಿಟ್ಟು, ಮಡಿಪಂಚೆ ಉಟ್ಟು, ಬರಿಮೈಯಲ್ಲಿ ಮಣೆಯ ಪಕ್ಕ ನೆಲಕ್ಕೆ ಕೂತು, ಬೇರೆ ತೆಗೆದಿಟ್ಟಿದ್ದ ತುದಿಯನ್ನು ತೊಳೆದು ಸಿಕ್ಕಿಸಿ, ಕತ್ತು ಸೊಟ್ಟ ಮಾಡಿ ಬಾಯಿ ಹಚ್ಚಿದೆ. ಸುಮಿ ಬಾಲ್ಕನಿಯಲ್ಲಿ ನಿಂತು, ಜೋಶಿ ಕಾಕಾ ಕೈ ಎತ್ತಿದಾಗ ತಾನೂ ಎತ್ತಿದಳು. ಹಾಳೆ ಕಣ್ಣೆದುರಿಗಿಲ್ಲ, ಅರ್ಧ ನೆನಪಿದೆ, ಅರ್ಧ ಇಲ್ಲ. ಮೊದಲನೆಯ ಭಾಗ ಹೇಗೋ ದಾಟಿತು. ಎರಡನೆಯದರಲ್ಲಿ ನಾನು ಕಣ್ಣು ಕಣ್ಣು ಬಿಟ್ಟಾಗ ಮಾಮಾ ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಗುನುಗತೊಡಗಿದರು. ತೊಡೆಯ ಮೇಲೆ ಅವರ ಬೆರಳು ತಾಳ ಹಾಕುತ್ತಿತ್ತು. ತಾವೇ ಬರೆದವರಿಗೆ ಹಾಳೆ ಯಾಕೆ ಬೇಕು? ಅವರು ಗುನುಗಿದ್ದನ್ನು ನಾನು ಊದಿದೆ, ನಾನು ಊದಿದ್ದಕ್ಕೆ ಕೆಳಗಿನವರು ಕೂಡಿಕೊಂಡರು. ಊದಿದಾಗಲೆಲ್ಲ ವಾದ್ಯದ ಬಾಯಿಯೊಳಗಿನ ಚೆಂಡು ಹೂವು ನಡುಗಿ ಎಸಳು ದೇವಿಯ ಪಾದಕ್ಕೆ ಬೀಳುತ್ತಿದ್ದವು, ಅವ್ವ ಅದನ್ನು ನೋಡಿ ಕಣ್ಣು ಒರೆಸಿಕೊಂಡಳು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಸುಮಿಗೆ ಹೇಳಿಲ್ಲ.

ಕೆಳಗಿನಿಂದ ಚಪ್ಪಾಳೆ ಬಂತು, ನಾನು ಎಣಿಸಿದ್ದಕ್ಕಿಂತ ಜೋರಾಗಿ. ಜೋಶಿ ಕಾಕಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ನನ್ನ ಕೈ ಹಿಡಿದುಕೊಂಡರು. ತಾಲೀಮಿನಲ್ಲಿ ಒಮ್ಮೆಯೂ ಬಾರದ ಮೆತ್ತನೆಯ ದನಿ ಇಂದು ಎಲ್ಲಿಂದ ಬಂತು ಎಂದು ಅವರಿಗೆ ಆಶ್ಚರ್ಯ. ವಾದ್ಯದ ಬಾಯಿ ತುಂಬ ಇದ್ದ ಹೂವನ್ನು ತೋರಿಸಿದೆ. ಅವರು ಅದನ್ನೂ ಬಾಲ್ಕನಿಯನ್ನೂ ಒಮ್ಮೆ ನೋಡಿ, “ದುರೂನ್ ಫಾರ್ ಛಾನ್ ವಾಟಲಂ” ಎಂದರು. ದೂರದಿಂದ ಕೇಳಲಿಕ್ಕೆ ಬಹಳ ಚೆಂದ ಅನ್ನಿಸಿತಂತೆ. ಮುಂದಿನ ವರ್ಷವೂ ಇಲ್ಲಿಂದಲೇ ನುಡಿಸು, ಹೂವು ನಾನು ತರಿಸಿಕೊಡುತ್ತೇನೆ ಎಂದು ಹೇಳಿ ಹೋದರು.

ಮಾಮಾ ಮರುದಿನ ದೇವಿ ಎದ್ದ ಮೇಲೆ ತೀರ್ಪು ಕೊಟ್ಟರು. ಕೊಟ್ಟದ್ದು ನನಗಲ್ಲ, ಅವ್ವನಿಗೆ.

“ನುಡಸೂದರ ಮಾತು ಬ್ಯಾರೆ, ಅದು ಬರ್ತಾ ಬರ್ತಾ ಬರ್ತದ. ಇಟ್ಟಿದ್ದು ಮಾತ್ರ ಭಾಳ ಛಲೋ ಇಟ್ಟೀರಿ ವೈನಿ. ಇನ್ನ ಇದು ನಿಮ್ಮ ಕಡೆನ ಇರಲಿ.”

ಅಂದಿನಿಂದ ಯುಫೋನಿಯಂ ದೇವರ ಕೋಣೆಯ ಪಕ್ಕದ ಮೂಲೆಯಲ್ಲಿದೆ, ಹಾಳೆಗಳು ಖಣದ ಗಂಟಿನಲ್ಲಿವೆ. ಬಿಸಿಲಿಲ್ಲ, ಒದ್ದೆಯಿಲ್ಲ, ಹುಣಸೆಹಣ್ಣು ಹತ್ತಿರ ಸುಳಿಯುವುದಿಲ್ಲ, ಇಸ್ತ್ರಿಯ ಬಟ್ಟೆ ಇಡುವ ಧೈರ್ಯ ಯಾರಿಗೂ ಇಲ್ಲ. ಜಳಕ ಮಾಡದೆ ಮುಟ್ಟುವ ಧೈರ್ಯ ನನಗೂ ಇಲ್ಲ. ಭಾನುವಾರ ಹನ್ನೊಂದರ ತನಕ ಪೈಜಾಮದಲ್ಲಿ ಪೇಪರು ಓದುತ್ತಿದ್ದ ನಾನು ಈಗ ಆರೂವರೆಗೆ ತಲೆಯ ಮೇಲೆ ನೀರು ಸುರಿದುಕೊಂಡು ಪಂಚೆ ಉಡುತ್ತೇನೆ. ಮಾಮಾ ವಾರಕ್ಕೊಮ್ಮೆ ಫೋನು ಮಾಡುತ್ತಾರೆ, ನಾನೇ ಎತ್ತಿದರೂ ವೈನಿಗೆ ಕೊಡಿ ಎನ್ನುತ್ತಾರೆ. ವಾದ್ಯದ ಕ್ಷೇಮಸಮಾಚಾರ ಮುಗಿದ ಮೇಲೆ ನೆನಪಾದರೆ ನನ್ನದನ್ನೂ ಕೇಳುತ್ತಾರೆಂದು ಕಾಣುತ್ತದೆ. ಮೊನ್ನೆ ಅವ್ವ ಉತ್ತರ ಹೇಳಿದ್ದು ನನಗೆ ಬಚ್ಚಲಿನ ತನಕ ಕೇಳಿಸಿತು: “ಅವನೂ ಛಲೋ ಇದ್ದಾನ್ರಿ. ಹಂಡೆ ಬಂದಾಗಿಂದ ದಿನಾ ಜಳಕಾ ಮಾಡ್ತಾನ.”